ರಜೆ ಚೀಟಿಯ ಹಿಂದಿದ್ದ ಮಾತ್ರೆ

(ನಾನು ಆಪ್ತಸಮಾಲೋಚಕಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

"ಬೆಳಗ್ಗೆ ಏಳೋಕೆ ಆಗಲ್ಲ ಮೇಡಂ, ಅಷ್ಟೇ" ಎಂದರು ಅವರು. ವಯಸ್ಸು 38, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಪಕ್ಕದಲ್ಲಿದ್ದ ಹೆಂಡತಿ ಮಾತಾಡಲಿಲ್ಲ. ಚೀಲದಿಂದ ಖಾಲಿ ಸ್ಟ್ರಿಪ್‌ಗಳನ್ನು ತೆಗೆದು ಮೇಜಿನ ಮೇಲೆ ಇಟ್ಟರು.

ಅಲ್ಪ್ರಜೋಲಾಮ್, ಆತಂಕ ತಗ್ಗಿಸಿ ನಿದ್ದೆ ತರಿಸುವ ಮಾತ್ರೆ. ತಂದೆ ತೀರಿಕೊಂಡಾಗ ನಿದ್ದೆ ಬರಲೆಂದು ವೈದ್ಯರು ರಾತ್ರಿಗೆ 0.25 ಮಿಲಿಗ್ರಾಂ ಬರೆದಿದ್ದರು, ಎರಡು ವಾರಕ್ಕೆ ಮಾತ್ರ. ಅದೇ ಹಳೇ ಚೀಟಿಯನ್ನು ಬೇರೆ ಬೇರೆ ಅಂಗಡಿಗಳಲ್ಲಿ ತೋರಿಸುತ್ತಾ ಎರಡು ವರ್ಷ ಕಳೆದಿತ್ತು. ಈಗ ದಿನಕ್ಕೆ 1.5 ಮಿಲಿಗ್ರಾಂ. ಇಂಥ ಮಾತ್ರೆಗೆ ದೇಹ ಕೆಲವೇ ವಾರಗಳಲ್ಲಿ ಒಗ್ಗಿಬಿಡುತ್ತದೆ, ಆಮೇಲೆ ಜಾಸ್ತಿ ಕೇಳುತ್ತದೆ.

ಆಫೀಸಿಗೆ ಮೊದಮೊದಲು ಹತ್ತು ನಿಮಿಷ ತಡ. ನಂತರ ಅರ್ಧ ದಿನದ ರಜೆ. ಕೊನೆಗೆ ಜ್ವರ, ಹೊಟ್ಟೆನೋವು, ಸಾವಿನ ನೆಪ. "ಒಬ್ಬರೇ ಚಿಕ್ಕಪ್ಪನನ್ನ ಎರಡು ಸಲ ಸಾಯಿಸಿದ್ದೀನಿ" ಎಂದು ನಕ್ಕರು. ಹೆಂಡತಿ ನಗಲಿಲ್ಲ. ಅಷ್ಟರಲ್ಲಿ ಮೆಮೊ ಬಂದಿತ್ತು.

ನಾನೂ ಮೊದಲು ಇದು ಬರೀ ಬೆಳಗಿನ ಮಂಪರು ಅಂದುಕೊಂಡಿದ್ದೆ. ರಜೆಯ ದಿನಗಳನ್ನೂ ಮಾತ್ರೆ ಕೊಂಡ ದಿನಗಳನ್ನೂ ಒಂದೇ ಹಾಳೆಯಲ್ಲಿ ಬರೆಸಿದಾಗ ಬೇರೆಯೇ ಕಂಡಿತು. ಅರ್ಧದಷ್ಟು ರಜೆ ಹೆಚ್ಚು ನುಂಗಿದ ಮರುದಿನದ್ದು. ಉಳಿದದ್ದು ಸ್ಟ್ರಿಪ್ ಮುಗಿದ ದಿನದ್ದು. ಆ ದಿನ ಕೈ ನಡುಗುವುದು, ಬೆವರು, ಎದೆ ಡವಡವ. "ನನ್ನ ಹಳೇ ಭಯ ಮತ್ತೆ ಬಂತು ಅಂತ ಇನ್ನೊಂದು ತಗೊಳ್ತಿದ್ದೆ" ಎಂದರು. ಅದು ಹಳೇ ಭಯವಲ್ಲ, ಮಾತ್ರೆ ಸಿಗದ ದೇಹದ ಒದ್ದಾಟ.

ಒಮ್ಮೆ ಹೆಂಡತಿ ಸಿಟ್ಟಿನಲ್ಲಿ ಎಲ್ಲವನ್ನೂ ಟಾಯ್ಲೆಟ್‌ಗೆ ಸುರಿದಿದ್ದರಂತೆ. ಕೇಳಿ ನನಗೆ ಭಯವಾಯಿತು. ಇದನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ.

ಹಾಗಾಗಿ ಮೊದಲ ಸಲಹೆ: ನೀವಾಗಿ ಬಿಡಬೇಡಿ, ಈ ವಾರವೇ ಮನೋವೈದ್ಯರನ್ನು ನೋಡಿ. ಡೋಸ್ ವಿಷಯ ನನ್ನ ಕೆಲಸವಲ್ಲ. ವೈದ್ಯರು ಅದೇ ಬಗೆಯ, ಹೆಚ್ಚು ಹೊತ್ತು ಕೆಲಸ ಮಾಡುವ ಡಯಾಜೆಪಾಮ್ ಮಾತ್ರೆಗೆ ಬದಲಿಸಿ, ಕೆಲವು ವಾರಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಇಳಿಸತೊಡಗಿದರು. ಮದ್ಯ ಪೂರ್ತಿ ಬೇಡ. ಮದ್ಯವೂ ಈ ಮಾತ್ರೆಯೂ ಸೇರಿದರೆ ಉಸಿರೇ ನಿಲ್ಲಬಹುದು. ಸದ್ಯಕ್ಕೆ ಬೈಕ್ ಓಡಿಸುವುದೂ ಬೇಡ.

ನಿದ್ದೆಗೆ ಒಂದೇ ಪಟ್ಟು ಹಿಡಿದೆ. ಮೂರಕ್ಕೆ ಮಲಗಿದರೂ ಆರಕ್ಕೆ ಏಳಬೇಕು. ಹಗಲು ಮಲಗುವಂತಿಲ್ಲ. ಮೊದಲ ತಿಂಗಳು ನನ್ನನ್ನು ಬೈದುಕೊಂಡಿರುತ್ತಾರೆ, ಬಿಡಿ.

ಮಾತ್ರೆ ಹೆಂಡತಿಯ ಹತ್ತಿರ ಇರಲಿ ಎಂದೆ. "ಎಣಿಸಿ ಕೊಡಿ ಅಷ್ಟೇ, ಜೇಬು ತಡಕಬೇಡಿ" ಎಂದು ಅವರಿಗೂ ಹೇಳಿದೆ.

"ಆಫೀಸಲ್ಲಿ ಏನು ಹೇಳಲಿ?" ಎಂಬುದೇ ಅವರ ದೊಡ್ಡ ಚಿಂತೆ. ಮಾತ್ರೆಯ ಹೆಸರು ಹೇಳಬೇಕಿಲ್ಲ. ಚಿಕಿತ್ಸೆಯಲ್ಲಿದ್ದೇನೆ ಎಂದು ವೈದ್ಯರ ಪತ್ರ ಕೊಡಿ, ಭೇಟಿಯ ದಿನಕ್ಕೆ ಮೊದಲೇ ರಜೆ ಕೇಳಿ, ಚಿಕ್ಕಪ್ಪನನ್ನು ಬದುಕಲು ಬಿಡಿ ಎಂದೆ.

ಇದು ನಾಲ್ಕನೇ ತಿಂಗಳು. ಆಡಿಟ್ ವಾರದಲ್ಲಿ ಒಂದು ಸ್ಟ್ರಿಪ್ ಕದ್ದು ಕೊಂಡರು, ಸಂಜೆ ತಾವೇ ಹೆಂಡತಿಗೆ ಒಪ್ಪಿಸಿದರು. ಕಳೆದ ತಿಂಗಳು ಎರಡು ರಜೆ, ಎರಡೂ ಮೊದಲೇ ಹೇಳಿದ್ದು. ಡೋಸ್ ಇನ್ನೂ ಅರ್ಧ ಉಳಿದಿದೆ. ರಾತ್ರಿ ಮೂರಕ್ಕೆ ಎಚ್ಚರವಾಗುವುದು ನಿಂತಿಲ್ಲ.