ಕೊಪ್ಪಳದಿಂದ ನ್ಯೂಯಾರ್ಕಿಗೆ ಬಂದ ತಂಗಿಗೆ

ತಂಗಿ,

ನಿನ್ನ ಪತ್ರವನ್ನು ಬಳ್ಳಾರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಕುಳಿತು ಎರಡು ಸಲ ಓದಿದೆ. ಗೌರಿ-ಗಣೇಶ ಹಬ್ಬಕ್ಕೆಂದು ಊರಿಗೆ ಬಂದಿದ್ದೇನೆ, ಇನ್ನು ಎಂಟು ದಿನಕ್ಕೆ ನ್ಯೂಯಾರ್ಕಿಗೆ ಹೊರಡಬೇಕು. ನೀನು ಕೊಪ್ಪಳ ಬಿಟ್ಟು ಇಪ್ಪತ್ತು ದಿನವಾಗಿದೆ. ಓದಿನ ನಡುವೆ ಭರತನಾಟ್ಯ ಉಳಿದೀತೇ, ಹಬ್ಬದ ಕಾರ್ಯಕ್ರಮಗಳಿಗೆ ಕರೆ ಬರುತ್ತಿವೆ, ಎಲ್ಲದಕ್ಕೂ ಒಪ್ಪಿಕೊಳ್ಳಲೇ, ಚಳಿಗೆ ಮೊದಲು ಏನೇನು ಮಾಡಿಕೊಳ್ಳಲಿ ಎಂದು ಕೇಳಿದ್ದೀಯ.

ಎಲ್ಲಕ್ಕೂ ಮೊದಲು ದುಡ್ಡಿನ ಮಾತು. ವಿದ್ಯಾರ್ಥಿ ವೀಸಾದಲ್ಲಿ ಇರುವವರು ತರಗತಿಗಳು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ಸಿನ ಒಳಗೆ ಮಾತ್ರ ದುಡಿಯಬಹುದು. ಹೊರಗೆ ಎಲ್ಲಿಯೋ ಕುಣಿದದ್ದಕ್ಕೆ ಪ್ರೀತಿಯಿಂದ ಕವರಿನಲ್ಲಿಟ್ಟು ಕೊಟ್ಟ 50 ಡಾಲರ್ ಕೂಡ ನಿನ್ನ ವೀಸಾಕ್ಕೆ ಮುಳುವಾಗಬಹುದು. ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳಿಗಾಗಿಯೇ ಒಂದು ಕಚೇರಿ ಇರುತ್ತದೆ. ಅವರನ್ನು ಕೇಳದೆ ಯಾರಿಂದಲೂ ಏನನ್ನೂ ತೆಗೆದುಕೊಳ್ಳಬೇಡ.

ಇನ್ನು ಕಾರ್ಯಕ್ರಮಗಳು. ಅಲ್ಲಿ ಗಣೇಶನಿಂದ ಶುರುವಾದರೆ ನವರಾತ್ರಿ, ದೀಪಾವಳಿ, ರಾಜ್ಯೋತ್ಸವ ಮುಗಿಯುವವರೆಗೆ ಒಂದು ಶನಿವಾರವೂ ಖಾಲಿ ಇರುವುದಿಲ್ಲ. ನನ್ನ ಮೊದಲ ಶರತ್ಕಾಲದಲ್ಲಿ ಹತ್ತು ವಾರಗಳಲ್ಲಿ ಒಂಬತ್ತು ಕಡೆ ಕುಣಿದೆ. ಅದೇ ಪುಷ್ಪಾಂಜಲಿ, ಅದೇ ದೇವರನಾಮ. ಒಂದು ಕಡೆ ಕಾರ್ಪೆಟ್ ಮೇಲೆ, ಇನ್ನೊಂದು ಕಡೆ ಶಾಲೆಯ ಸಿಮೆಂಟ್ ನೆಲದ ಮೇಲೆ. ನವೆಂಬರ್ ಹೊತ್ತಿಗೆ ಮೊಣಕಾಲಿನ ಕೆಳಗಿನ ಮೂಳೆ ನೋಯಲು ಶುರುವಾಗಿ ಆರು ವಾರ ಭರತನಾಟ್ಯದ ಮೊದಲ ಹೆಜ್ಜೆಯಾದ ತಟ್ಟಡವನ್ನೂ ಹಾಕಲಾಗಲಿಲ್ಲ. ಆದರೆ ನನ್ನನ್ನು ಹೆಚ್ಚು ನೋಯಿಸಿದ್ದು ಕಾಲಲ್ಲ. ಜಗತ್ತಿನ ನೃತ್ಯವೆಲ್ಲ ಬಂದು ಸೇರುವ ಊರಿನಲ್ಲಿ ಮೂರು ತಿಂಗಳಿದ್ದೂ ಬೇರೆಯವರ ಒಂದು ನೃತ್ಯವನ್ನೂ ನೋಡಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ: ಈ ಸಲ ಎರಡು ಕಾರ್ಯಕ್ರಮಗಳಿಗೆ ಒಪ್ಪಿಕೋ, ಉಳಿದ ಸಂಜೆಗಳನ್ನು ನೋಡುವುದಕ್ಕೆ ಇಟ್ಟುಕೋ.

55ನೆಯ ಬೀದಿಯಲ್ಲಿ ಸಿಟಿ ಸೆಂಟರ್ ಎಂಬ ರಂಗಮಂದಿರವಿದೆ. ಅಲ್ಲಿ ಶರತ್ಕಾಲ ಬಂತೆಂದರೆ ಫಾಲ್ ಫಾರ್ ಡಾನ್ಸ್ ಉತ್ಸವ. 2004ರಲ್ಲಿ ಶುರುವಾದಾಗ ಟಿಕೆಟ್ ಬರೀ 10 ಡಾಲರ್ ಇತ್ತು. ಈಗ ಏರಿದೆ, ಆದರೂ ಆ ನಗರದ ಲೆಕ್ಕದಲ್ಲಿ ಕಡಿಮೆಯೇ. ಒಂದೇ ಸಂಜೆಯಲ್ಲಿ ಬ್ಯಾಲೆ, ಟ್ಯಾಪ್, ಆಧುನಿಕ ನೃತ್ಯದ ಬೇರೆ ಬೇರೆ ತಂಡಗಳನ್ನು ನೋಡಬಹುದು. ಮಾರಾಟ ಶುರುವಾದ ದಿನವೇ ಕೊಳ್ಳಬೇಕು. ಬೇರೆ ರಂಗಮಂದಿರಗಳಿಗೆ ಹೋಗುವಾಗ ವಿದ್ಯಾರ್ಥಿಯ ಗುರುತಿನ ಚೀಟಿ ಜೊತೆಯಲ್ಲಿರಲಿ, ಹಲವು ಕಡೆ ರಿಯಾಯಿತಿ ಸಿಗುತ್ತದೆ. ಲಿಂಕನ್ ಸೆಂಟರಿನಲ್ಲಿರುವ ಸಾರ್ವಜನಿಕ ಗ್ರಂಥಾಲಯದಲ್ಲಿ, 1944ರಲ್ಲಿ ಶುರುವಾದ, ನೃತ್ಯಕ್ಕೆಂದೇ ಇರುವ ಒಂದು ವಿಭಾಗವಿದೆ. ಅಲ್ಲಿ ಹಳೆಯ ಪ್ರದರ್ಶನಗಳ ಚಿತ್ರೀಕರಣಗಳನ್ನು ಬಿಟ್ಟಿಯಾಗಿ ನೋಡಬಹುದು. ಮಳೆ ಬಂದ ದಿನ ಅಲ್ಲಿಗೆ ಹೋಗು.

ಆದರೆ ನಿನ್ನನ್ನು ನಾನೇ ಕೈಹಿಡಿದು ಕರೆದೊಯ್ಯಬೇಕೆಂದಿರುವ ಜಾಗ ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನ ಪಕ್ಕದ ಜಡ್ಸನ್ ಚರ್ಚು. 1962ರಲ್ಲಿ ಕೆಲವು ಯುವ ನರ್ತಕರು ಅಲ್ಲಿ ಸೇರಿ, ನಡೆಯುವುದು, ಕೂರುವುದು, ಓಡುವುದು ಕೂಡ ನೃತ್ಯವಾಗಬಲ್ಲದು ಎಂದು ಮಾಡಿ ತೋರಿಸಿದರು. ಈಗಲೂ ಶರತ್ಕಾಲದ ಸೋಮವಾರ ಸಂಜೆಗಳಲ್ಲಿ ಅಲ್ಲಿ ಹೊಸ ಪ್ರಯೋಗಗಳು ನಡೆಯುತ್ತವೆ, ಪ್ರವೇಶ ಉಚಿತ. ಎರಡನೆಯ ವರ್ಷ ನಾನು ಮೊದಲ ಸಲ ಹೋದಾಗ ಒಬ್ಬಳು ಹುಡುಗಿ ಸಂಗೀತವೇ ಇಲ್ಲದೆ ಆ ಮರದ ನೆಲದ ಮೇಲೆ ಹತ್ತು ನಿಮಿಷ ನಡೆದಳು, ಅಷ್ಟೇ. ಕಾಲು, ಸೊಂಟ, ಭುಜ ಎಲ್ಲ ಚಲಿಸುತ್ತಿದ್ದವು, ಕತ್ತು ಮಾತ್ರ ಅಲುಗಲಿಲ್ಲ. ನೋಡುತ್ತಿದ್ದಂತೆ ನನಗೆ ನಿಮ್ಮ ಕೊಪ್ಪಳದ ಹುಲಿಗಿ ನೆನಪಾಯಿತು. ಹುಲಿಗೆಮ್ಮನ ಜಾತ್ರೆ ನಿನಗೆ ಹೇಳಿಕೊಡಬೇಕಾದದ್ದಲ್ಲ. ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆ ವಾದ್ಯದ ದನಿಗೆ ಜೋಗತಿಯರು ತಿರುಗುವಾಗ ಕೊಡದ ಕೆಳಗಿನ ಕತ್ತು ಹೀಗೆಯೇ ನಿಂತಿರುತ್ತದೆ. ಚಿಕ್ಕವಳಾಗಿದ್ದಾಗ ಅವ್ವನ ಸೆರಗು ಹಿಡಿದು ಅದನ್ನು ಎಷ್ಟೋ ಸಲ ನೋಡಿದ್ದೆ. ಅದು ಬರೀ ಕುಣಿತ, ನೃತ್ಯವಲ್ಲ ಎಂದು ದೊಡ್ಡವರು ಹೇಳಿದ್ದನ್ನು ನಂಬಿದ್ದೆ. ಆ ರಾತ್ರಿ ರೈಲಿನಲ್ಲಿ ಮನೆಗೆ ಹೋಗುವಾಗ ನನಗೆ ಅಳು ಬಂತು.

2021ರ ನವೆಂಬರ್‌ನಲ್ಲಿ ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು ಪದ್ಮಶ್ರೀ ಸ್ವೀಕರಿಸಲು ಹೋಗಿ, ರಾಷ್ಟ್ರಪತಿಯವರ ಎದುರು ಸೆರಗು ಹಿಡಿದು ದೃಷ್ಟಿ ತೆಗೆದರಲ್ಲ, ಆ ದೃಶ್ಯವನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನಮ್ಮ ಬಳ್ಳಾರಿ ಸೀಮೆಯ ಹೆಣ್ಣುಮಗಳು. ಆ ಸೆರಗಿನ ಬೀಸು, ಆ ಕೈಯ ಇಳಿತ ನನಗೆ ಅಪ್ಪಟ ಅಭಿನಯವಾಗಿ ಕಂಡಿತು. ನಿಮ್ಮ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ನೀನು ಅವರ ಆಟ ನೋಡಿದ್ದೀಯಾ? ಇಲ್ಲವಾದರೆ ಮುಂದಿನ ಸಲ ಊರಿಗೆ ಬಂದಾಗ ಮೋರನಾಳಕ್ಕೆ ಹೋಗಿ ಬಾ.

ಅಭ್ಯಾಸದ ಜಾಗಕ್ಕೆ ಬರುತ್ತೇನೆ. ಬಾಡಿಗೆ ಮನೆಯಲ್ಲಿ ನೆಲ ತಟ್ಟುವ ಅಡವು ಹಾಕಬೇಡ. ಕೆಳಗಿನ ಮನೆಯವರಿಗೆ ಅದು ಒನಕೆಯ ಪೆಟ್ಟಿನಂತೆ ಕೇಳುತ್ತದೆ, ನನಗೆ ಮಾಲೀಕರಿಂದ ಎರಡು ಎಚ್ಚರಿಕೆ ಪತ್ರಗಳು ಬಂದಿದ್ದವು. ಕ್ಯಾಂಪಸ್ಸಿನ ಅಭ್ಯಾಸದ ಕೋಣೆಗಳು ಬೆಳಿಗ್ಗೆ ಖಾಲಿ ಇರುತ್ತವೆ, ವಿಚಾರಿಸು. ಹಾಸಿನ ಕೆಳಗೆ ಬಳುಕುವ ಮರದ ನೆಲವಿದೆಯೇ, ಸಿಮೆಂಟೇ ಎಂದು ಹಿಮ್ಮಡಿಯಿಂದ ತಟ್ಟಿ ನೋಡು. ಸಿಮೆಂಟಾದರೆ ಬೇಡ. ಬಳ್ಳಾರಿಯ ಬಿಸಿಲಲ್ಲಿ ನಮ್ಮ ಮೈ ತಾನಾಗಿ ಸಡಿಲವಾಗಿರುತ್ತದೆ. ಅಲ್ಲಿ ಅಕ್ಟೋಬರ್ ನಂತರ ಅರ್ಧ ಗಂಟೆ ಮೈ ಕಾಯಿಸದೆ ಮೊಣಕಾಲು ಬಗ್ಗಿಸಿ ಅರಮಂಡಿ ಕೂರಬೇಡ. ಶಾಖಯಂತ್ರ ಹಚ್ಚಿದ ಕೋಣೆಯ ಒಣಗಾಳಿಗೆ ಹಿಮ್ಮಡಿ ಒಡೆಯುತ್ತದೆ, ರಾತ್ರಿ ಕೊಬ್ಬರಿ ಎಣ್ಣೆ ಸವರಿ ಕಾಲುಚೀಲ ಹಾಕಿಕೊಂಡು ಮಲಗು. ಅಕ್ಟೋಬರ್ 1ರಿಂದ ಮೇ 31ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ, ಹಗಲು ಮನೆಯೊಳಗೆ 68 ಡಿಗ್ರಿ ಇರುವಂತೆ ನೋಡಿಕೊಳ್ಳುವುದು ನ್ಯೂಯಾರ್ಕಿನಲ್ಲಿ ಮನೆ ಮಾಲೀಕರ ಕಾನೂನುಬದ್ಧ ಹೊಣೆ. ಕೊಡದಿದ್ದರೆ ನಗರಾಡಳಿತದ ದೂರು ಸಂಖ್ಯೆ 311ಕ್ಕೆ ಫೋನ್ ಮಾಡು, ಸಂಕೋಚ ಬೇಡ.

ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದ ಊರಿಗೂ ನಿನಗೂ ಹತ್ತೂವರೆ ಗಂಟೆಯ ಅಂತರ, ಸಂಜೆ ಐದರೊಳಗೆ ಕತ್ತಲು. ಆ ವಾರ ಮನಸ್ಸು ಕುಸಿಯುತ್ತದೆ. ಅಂಥ ಸಂಜೆ ಒಬ್ಬಳೇ ಕೂರಬೇಡ, ನನಗೆ ಫೋನ್ ಮಾಡು. ಫ್ಲಶಿಂಗ್‌ನ ಗಣೇಶ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ತಿಂದು ಬರೋಣ. ನಮ್ಮ ಒಗ್ಗರಣೆ-ಮಿರ್ಚಿ ಅಲ್ಲಿ ಸಿಗುವುದಿಲ್ಲ, ಅದನ್ನು ನನ್ನ ಮನೆಯಲ್ಲಿ ಮಾಡಿಕೊಡುತ್ತೇನೆ.

ಜಡ್ಸನ್ ಚರ್ಚಿನ ಸರಣಿ ಶುರುವಾಗುವ ಮೊದಲ ಸೋಮವಾರ ಸಂಜೆ, ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲು ಮೆಟ್ಟಿಲ ಬಳಿ ನಿಂತಿರು. ಅವ್ವ ನಿನಗೆಂದು ಗುರೆಳ್ಳು ಪುಡಿ ಕುಟ್ಟಿ ಡಬ್ಬಿಗೆ ತುಂಬಿಟ್ಟಿದ್ದಾಳೆ, ತರುತ್ತೇನೆ.