ಹುಡುಗ ಕೆಲಸ ಬಿಟ್ಟ, ಬ್ಯಾಕಪ್ ಕೀ ಅವನ ಹತ್ತಿರವೇ ಉಳಿಯಿತು

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಚಿಕ್ಕ ಆಫೀಸು. ಲಿನಕ್ಸ್ ಸರ್ವರ್‌ನಲ್ಲಿರುವ ಒಂದು ಸ್ಕ್ರಿಪ್ಟ್ ದಿನಾ ರಾತ್ರಿ ಫೈಲುಗಳನ್ನು ಟ್ರಾನ್ಸ್‌ಫರ್ ಫ್ಯಾಮಿಲಿ ಎಂಬ ಅಮೆಜಾನ್‌ನ ಫೈಲ್ ಕಳಿಸುವ ಸೇವೆಯ ಮೂಲಕ, ಅಮೆಜಾನ್‌ನದೇ ಆನ್‌ಲೈನ್ ಸಂಗ್ರಹವಾದ ಎಸ್3ಗೆ ಕಳಿಸುತ್ತದೆ. ಅದನ್ನು ಮಾಡಿಕೊಟ್ಟ ಹುಡುಗ ಹೋದ ತಿಂಗಳು ಕೆಲಸ ಬಿಟ್ಟ. ಸ್ಕ್ರಿಪ್ಟ್ ಪಾಸ್‌ವರ್ಡ್ ಬದಲು ಲಾಗಿನ್‌ಗೆ ಬಳಸುವ ಎಸ್‌ಎಸ್‌ಎಚ್ ಕೀ ಅವನ ಲ್ಯಾಪ್‌ಟಾಪಿನಲ್ಲೂ ಇದೆ. ಕೀ ಬದಲಾಯಿಸಲು ಹೋಗಿ ಬ್ಯಾಕಪ್ ನಿಂತರೆ ಅಂತ ಭಯ. ಏನು ಮಾಡಲಿ ಸರ್?

ಉತ್ತರ: ನಿಮ್ಮ ಭಯ ಸರಿಯಾದದ್ದೇ. ಆದರೆ ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು ಅಂತ ಯೋಚಿಸಬೇಡಿ. ಮೊದಲು ಹೊಸದನ್ನು ಸೇರಿಸಿ, ಹಳೆಯದನ್ನು ಆಮೇಲೆ ತೆಗೆಯಿರಿ. ಎಸ್‌ಎಸ್‌ಎಚ್ ಕೀ ಅಂದರೆ ಒಂದು ಜೋಡಿ: ನಿಮ್ಮ ಹತ್ತಿರ ಗುಟ್ಟಾಗಿರುವ ಪ್ರೈವೇಟ್ ಕೀ, ಅಮೆಜಾನ್‌ಗೆ ಕೊಡುವ ಪಬ್ಲಿಕ್ ಕೀ. ಟ್ರಾನ್ಸ್‌ಫರ್ ಫ್ಯಾಮಿಲಿಯಲ್ಲಿ ಒಬ್ಬ ಯೂಸರ್‌ಗೆ 10 ಪಬ್ಲಿಕ್ ಕೀಗಳವರೆಗೆ ಇಡಬಹುದು. ಹಾಗಾಗಿ ಎರಡೂ ಒಂದೆರಡು ದಿನ ಜೊತೆಗಿದ್ದರೆ ತೊಂದರೆಯಿಲ್ಲ.

ಹೊಸ ಕೀಯನ್ನು ಬ್ಯಾಕಪ್ ಕಳಿಸುವ ಸರ್ವರ್‌ನಲ್ಲೇ ಮಾಡಿ. ಅದೂ ಸ್ಕ್ರಿಪ್ಟ್ ಯಾವ ಯೂಸರ್ ಹೆಸರಿನಲ್ಲಿ ಓಡುತ್ತದೋ ಅದೇ ಯೂಸರ್ ಆಗಿ. ಇಡಿ25519 ಬಗೆಯ ಕೀ ಸಾಕು, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಎಸ್‌ಎಸ್‌ಎಚ್ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಅದು 2014ರಿಂದಲೇ ಇದೆ. ಪ್ರೈವೇಟ್ ಕೀ ಆ ಸರ್ವರ್ ಬಿಟ್ಟು ಎಲ್ಲೂ ಹೋಗಬಾರದು, ಅದರ ಪರ್ಮಿಷನ್ 600 ಇರಲಿ, ಅಂದರೆ ಆ ಯೂಸರ್ ಮಾತ್ರ ಅದನ್ನು ಓದಲು, ಬರೆಯಲು ಸಾಧ್ಯವಾಗಲಿ. ಅಮೆಜಾನ್ ಕನ್ಸೋಲ್‌ಗೆ (ಸೇವೆಯನ್ನು ನಿರ್ವಹಿಸುವ ವೆಬ್ ಪುಟಕ್ಕೆ) ಹಾಕುವುದು ಪಬ್ಲಿಕ್ ಕೀ ಮಾತ್ರ. ಅದು ಒಂದೇ ಉದ್ದ ಸಾಲು. ವಾಟ್ಸಾಪ್‌ನಲ್ಲೋ ಮೇಲ್‌ನಲ್ಲೋ ಕಳಿಸಿ ಕಾಪಿ ಮಾಡುವಾಗ ಸಾಲು ಮುರಿದರೆ ಕೆಲಸ ಮಾಡುವುದಿಲ್ಲ.

ಜನ ಎಡವುವುದು ಪರೀಕ್ಷೆಯಲ್ಲಿ. ಲಾಗಿನ್ ಆಯಿತು ಅಂದ ಮಾತ್ರಕ್ಕೆ ಹೊಸ ಕೀ ಕೆಲಸ ಮಾಡಿತು ಅಂತಲ್ಲ. ಎಸ್‌ಎಸ್‌ಎಚ್ ತನ್ನ ಹತ್ತಿರ ಇರುವ ಕೀಗಳನ್ನು ಒಂದೊಂದಾಗಿ ತೋರಿಸುತ್ತಾ ಹೋಗುತ್ತದೆ. ಕೀಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಏಜೆಂಟ್ ಎಂಬ ಪ್ರೋಗ್ರಾಂನಲ್ಲಿ ಹಳೆ ಕೀ ಇದ್ದರೆ ಅದರಿಂದಲೇ ಬಾಗಿಲು ತೆರೆದಿರುತ್ತದೆ, ನಿಮಗೆ ತಿಳಿಯುವುದೇ ಇಲ್ಲ. ಒಂದು ಆಫೀಸಿನಲ್ಲಿ ಹೀಗೇ ಪರೀಕ್ಷೆ ಪಾಸಾಯಿತು ಅಂತ ಹಳೆಯದನ್ನು ಅಳಿಸಿದರು. ಆ ರಾತ್ರಿಯಿಂದಲೇ ಬ್ಯಾಕಪ್ ಇಲ್ಲ! ಅದಕ್ಕೇ ಹೊಸ ಕೀ ಫೈಲನ್ನು ಹೆಸರಿಸಿ, ಹೆಸರಿಸಿದ ಕೀಯನ್ನು ಮಾತ್ರ ಬಳಸು ಅಂತ ಹೇಳುವ ಐಡೆಂಟಿಟೀಸ್‌ಓನ್ಲಿ (IdentitiesOnly) ಆಯ್ಕೆಗೆ ಯೆಸ್ ಕೊಟ್ಟು ಪರೀಕ್ಷಿಸಿ. ಪ್ರತಿ ಹೆಜ್ಜೆಯನ್ನೂ ತೋರಿಸುವ ವರ್ಬೋಸ್ ಆಯ್ಕೆ ಹಾಕಿದರೆ ಅಮೆಜಾನ್ ಕಡೆಯ ಸರ್ವರ್ ಯಾವ ಕೀ ಒಪ್ಪಿತು ಅಂತ ಫಿಂಗರ್‌ಪ್ರಿಂಟ್ (ಆ ಕೀಯ ಗುರುತಿನ ಅಕ್ಷರಸಾಲು) ಸಮೇತ ಬರುತ್ತದೆ. ಅದು ನಿಮ್ಮ ಹೊಸ ಕೀಯದ್ದೇನಾ ಅಂತ ಅಕ್ಷರ ಅಕ್ಷರ ಹೋಲಿಸಿ. ಸ್ಕ್ರಿಪ್ಟ್‌ನಲ್ಲೂ ಇದೇ ಆಯ್ಕೆ ಬರೆದುಬಿಡಿ.

ಒಂದು ರಾತ್ರಿ ಓಡಲಿ. ಬೆಳಗ್ಗೆ ಎಸ್3ಗೆ ಹೋಗಿ ಫೈಲ್ ಬಂದಿದೆಯಾ ನೋಡಿ, ಒಂದನ್ನು ಇಳಿಸಿಕೊಂಡು ತೆರೆದೂ ನೋಡಿ. ಟ್ರಾನ್ಸ್‌ಫರ್ ಫ್ಯಾಮಿಲಿಯ ಲಾಗ್ ಆನ್ ಆಗಿದ್ದರೆ ಅಮೆಜಾನ್‌ನ ಲಾಗ್ ನೋಡುವ ಸೇವೆಯಾದ ಕ್ಲೌಡ್‌ವಾಚ್‌ನಲ್ಲಿ ಲಾಗಿನ್ ಆದವರ ಐಪಿ ವಿಳಾಸ ಸಿಗುತ್ತದೆ. ನಿಮ್ಮ ಸರ್ವರ್‌ನದ್ದಲ್ಲದ ವಿಳಾಸ ಕಂಡರೆ ಹಳೆ ಕೀಯನ್ನು ಇನ್ನೆಲ್ಲೋ ಬಳಸುತ್ತಿದ್ದಾರೆ ಅಂತ ಅರ್ಥ. ಅದು ನಿಮ್ಮದೇ ಇನ್ನೊಂದು ಕಂಪ್ಯೂಟರ್ ಇರಬಹುದು, ಹೊರಗಿನವರೂ ಇರಬಹುದು. ಗುರುತಿಲ್ಲದ ವಿಳಾಸವಾದರೆ ಬ್ಯಾಕಪ್ ಒಂದು ದಿನ ತಪ್ಪಿದರೂ ಪರವಾಗಿಲ್ಲ, ಹಳೆ ಕೀಯನ್ನು ಆ ಕ್ಷಣವೇ ಅಳಿಸಿ. ಲ್ಯಾಪ್‌ಟಾಪ್ ಕಳುವಾಗಿದೆ ಅಂತ ಗೊತ್ತಾದರೂ ಹಾಗೇ ಮಾಡಿ.

ಆ ಹುಡುಗನ ಮೇಲೆ ಅನುಮಾನ ಪಡಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಅವನು ನಾಳೆ ಲ್ಯಾಪ್‌ಟಾಪ್ ಮಾರಬಹುದು ಅಲ್ವಾ? ಆದ್ದರಿಂದ ಇದನ್ನು ಈ ವಾರವೇ ಮುಗಿಸಿ.

ಇನ್ನೊಂದು ಕೆಲಸ ಇದೇ ಕೈಯಲ್ಲಿ ಆಗಲಿ. ಬ್ಯಾಕಪ್ ಯೂಸರ್‌ಗೆ ಫೈಲ್ ಅಳಿಸುವ ಅನುಮತಿ ಇದ್ದರೆ ತೆಗೆಯಿರಿ. ಎಸ್3 ಬಕೆಟ್‌ನಲ್ಲಿ (ಫೈಲುಗಳಿರುವ ಜಾಗದಲ್ಲಿ) ವರ್ಷನಿಂಗ್, ಅಂದರೆ ಹಳೆ ಪ್ರತಿಗಳನ್ನು ಉಳಿಸುವ ಸೌಲಭ್ಯ, ಆನ್ ಮಾಡಿ. ಕೀ ಯಾರ ಕೈಗಾದರೂ ಸಿಕ್ಕಿ, ಅವರು ಫೈಲುಗಳ ಮೇಲೆ ಬೇರೇನೋ ಬರೆದರೂ ಹಳೆ ಪ್ರತಿ ಉಳಿಯುತ್ತದೆ.

ಎಲ್ಲ ಸರಿಯಾಗಿದ್ದರೆ ಕನ್ಸೋಲ್‌ನಿಂದ ಹಳೆ ಪಬ್ಲಿಕ್ ಕೀ ಅಳಿಸಿ. ಆಮೇಲೆ ಹಳೆ ಪ್ರೈವೇಟ್ ಕೀಯಿಂದ ಒಮ್ಮೆ ಬೇಕಂತಲೇ ಲಾಗಿನ್ ಮಾಡಲು ನೋಡಿ. ಪರ್ಮಿಷನ್ ಡಿನೈಡ್ ಅಂತ ಬರಬೇಕು. ಬಂದ ಮೇಲೆ ಆ ಫೈಲನ್ನೂ ಸರ್ವರ್‌ನಿಂದ ಅಳಿಸಿಬಿಡಿ.