ಗಾಡಿ ಪ್ರಶ್ನೆ: ದೀಪ ಹತ್ತಿದ ಮಾತ್ರಕ್ಕೆ ಸೆನ್ಸರ್ ಬದಲಿಸಬೇಡಿ

ಈ ಸಲದ ಪತ್ರಗಳೆಲ್ಲ ಎಸ್‌ಯುವಿಗಳ ಮೇಲಿನ ದೂರುಗಳೇ. ಕಂಪನಿಗಳ ಹೆಸರನ್ನು ನಾನೇ ತೆಗೆದುಹಾಕಿದ್ದೇನೆ. ಪುಣೆ ಬಳಿಯ ಭೋಸರಿಯ ನಮ್ಮ ಗ್ಯಾರೇಜಿಗೆ ಇವೇ ದೂರುಗಳನ್ನು ಹೊತ್ತು ಎಲ್ಲ ಕಂಪನಿಗಳ ಗಾಡಿಗಳೂ ಬರುತ್ತವೆ. ಹೆಸರು ಹಾಕಿದರೆ ಒಬ್ಬರ ಗಾಡಿಗೆ ಸುಮ್ಮನೆ ಕಳಂಕ, ಉಳಿದವರಿಗೆ ಸುಮ್ಮನೆ ನೆಮ್ಮದಿ.

ನಮ್ಮದು 2021ರ ಡೀಸೆಲ್ ಎಸ್‌ಯುವಿ. ಮನೆಯಿಂದ ಮಕ್ಕಳ ಶಾಲೆ, ಅಲ್ಲಿಂದ ಆಕುರ್ಡಿಯ ನನ್ನ ಕಚೇರಿ, ದಿನದ ಓಟ ಇಷ್ಟೇ. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ದೀಪ ಪದೇ ಪದೇ ಹತ್ತುತ್ತದೆ. ಸರ್ವಿಸ್ ಸೆಂಟರಿನವರು ಕಂಪ್ಯೂಟರ್ ಹಚ್ಚಿ ಮಸಿ ಸುಟ್ಟುಕೊಟ್ಟರೂ ಮತ್ತೆ ಬಂತು. ಈಗ ಫಿಲ್ಟರನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ಅಂದ ಹಾಗೆ, ಎಂಜಿನ್ ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗಿದೆ. ಇದು ಒಳ್ಳೆಯದೇ ತಾನೇ?
– ಓದುಗಿ, ನಿಗಡಿ, ಪುಣೆ

ಅಕ್ಕ, ಪತ್ರದ ಕೊನೆಗೆ ‘ಅಂದ ಹಾಗೆ’ ಎಂದು ಬರೆದಿದ್ದೀರಲ್ಲ, ರೋಗ ಇರುವುದೇ ಅಲ್ಲಿ. ಹೆಚ್ಚಾಗಿರುವುದು ಆಯಿಲ್ ಅಲ್ಲ, ಅದರೊಳಗೆ ಇಳಿದ ಡೀಸೆಲ್. ಬೇರೆ ಏನನ್ನೂ ಮುಟ್ಟುವ ಮೊದಲು ಆಯಿಲ್ ಬದಲಿಸಿ. ಆಯಿಲ್ ಅಳೆಯುವ ಡಿಪ್‌ಸ್ಟಿಕ್ಕಿನ ಗರಿಷ್ಠ ಗುರುತು ದಾಟಿದ್ದರೆ ಗಾಡಿಯನ್ನು ಹೆದ್ದಾರಿಗೆ ಒಯ್ಯಲೇಬೇಡಿ.

ಡೀಸೆಲ್ ಇಳಿದದ್ದು ಹೀಗೆ. 2020ರ ಏಪ್ರಿಲ್ 1ರಿಂದ ಬಿಎಸ್‌6 ಹೊಗೆ ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂತು. ಅದು ತುಂಬುತ್ತ ಬಂದಾಗ ಗಾಡಿಯ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಸಿಂಪಡಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಮಸಿಯನ್ನು ಸುಡುತ್ತದೆ. ನಿಮ್ಮ ಓಟದಲ್ಲಿ ಈ ಕೆಲಸ ಶುರುವಾಗುವ ಹೊತ್ತಿಗೆ ಶಾಲೆಯ ಗೇಟು ಬಂದಿರುತ್ತದೆ, ನೀವು ಕೀಲಿ ತಿರುಗಿಸುತ್ತೀರಿ. ಸಂಜೆ ಮತ್ತೆ ಮೊದಲಿನಿಂದ. ಪ್ರತಿ ಸಲವೂ ಸ್ವಲ್ಪ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಕೆಳಗಿಳಿದು ಆಯಿಲ್ ಸೇರುತ್ತದೆ. ತೆಳ್ಳಗಾದ ಆಯಿಲಿನಲ್ಲಿ ಮೊದಲು ಸವೆಯುವುದು ಟರ್ಬೊ ಮತ್ತು ಬೇರಿಂಗುಗಳು. ಅವು ಹೋದರೆ ಖರ್ಚು ಫಿಲ್ಟರಿನ ಬಿಲ್ಲಿಗೇ ನಿಲ್ಲುವುದಿಲ್ಲ.

ಹೊಸ ಆಯಿಲ್ ಹಾಕಿಸುವಾಗ ಡಬ್ಬಿಯನ್ನು ನಿಮ್ಮ ಕಣ್ಣೆದುರೇ ತೆರೆಸಿ. ಡಿಪಿಎಫ್ ಗಾಡಿಗೆ ಕಡಿಮೆ ಬೂದಿಯ ಆಯಿಲೇ ಬೇಕು. ಯಾವ ದರ್ಜೆ ಎಂಬುದು ಗಾಡಿಯ ಕೈಪಿಡಿಯಲ್ಲಿದೆ. ಮಸಿ ಸುಟ್ಟು ಹೋಗುತ್ತದೆ, ಆಯಿಲ್ ಉರಿದು ಉಳಿದ ಬೂದಿ ಹೋಗುವುದಿಲ್ಲ. ಬೂದಿ ತುಂಬಿದ ಫಿಲ್ಟರನ್ನು ಎಷ್ಟು ಸಲ ಸುಟ್ಟರೂ ಪ್ರಯೋಜನವಿಲ್ಲ. ಆದ್ದರಿಂದ ‘ಬದಲಿಸಬೇಕು’ ಎಂದವರನ್ನು ಕೇಳಿ: ಮಸಿ ಎಷ್ಟಿದೆ, ಬೂದಿ ಎಷ್ಟಿದೆ, ಕಳೆದ ಸಲ ಪೂರ್ತಿ ಸುಟ್ಟು ಎಷ್ಟು ಕಿಲೋಮೀಟರ್ ಆಯಿತು? ಇವೆಲ್ಲ ಅವರ ಸ್ಕ್ಯಾನರಿನಲ್ಲಿ ಸಿಗುವ ಅಂಕಿಗಳೇ. ಬೂದಿ ಕಡಿಮೆ ಇದ್ದರೆ ನಿಮ್ಮ ಫಿಲ್ಟರಿಗೆ ಇನ್ನೂ ಆಯುಷ್ಯವಿದೆ. ಫಿಲ್ಟರಿನ ಹಿಂದುಮುಂದಿನ ಒತ್ತಡ ಅಳೆಯುವ ಸೆನ್ಸರಿಗೆ ಹೋಗುವ ಎರಡು ಸಣ್ಣ ಕೊಳವೆಗಳನ್ನೂ ನೋಡಿಸಿ. ಅವು ಬಿರುಕು ಬಿಟ್ಟಿದ್ದರೆ ಅಥವಾ ಕಟ್ಟಿಕೊಂಡಿದ್ದರೆ ಕಂಪ್ಯೂಟರಿಗೆ ಸುಳ್ಳು ವರದಿ ಹೋಗುತ್ತಿರುತ್ತದೆ.

ಇಷ್ಟಾದ ಮೇಲೆ, ಮಸಿ ಪೂರ್ತಿ ಸುಡಲು ಹೆದ್ದಾರಿ. ದೀಪ ಮಿನುಗದೆ ಸ್ಥಿರವಾಗಿ ಹತ್ತಿದ್ದರೆ ಮಾತ್ರ; ಮಿನುಗುತ್ತಿದ್ದರೆ ಅಥವಾ ಗಾಡಿ ಎಳೆಯದಿದ್ದರೆ ನೇರ ಗ್ಯಾರೇಜಿಗೆ. ನೀವಿರುವ ನಿಗಡಿಯಿಂದ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಶುರುವಾಗುವ ಕಿವಳೆ ಪಕ್ಕದಲ್ಲೇ ಇದೆ. ಭಾನುವಾರ ಬೆಳಿಗ್ಗೆ ಲೋಣಾವಳದವರೆಗೆ ಹೋಗಿ ಚಿಕ್ಕಿ ತೆಗೆದುಕೊಂಡು ಬನ್ನಿ. ಗಂಟೆಗೆ 70–80 ಕಿಲೋಮೀಟರ್, ಎಂಜಿನ್ ನಿಮಿಷಕ್ಕೆ 2,000 ಸುತ್ತುಗಳ ಮೇಲೆ, ಎಡೆಬಿಡದೆ 20–25 ನಿಮಿಷ ಸಾಕು. ಟ್ಯಾಂಕ್ ರಿಸರ್ವಿನಲ್ಲಿದ್ದರೆ ಹಲವು ಗಾಡಿಗಳು ಈ ಸುಡುವ ಕೆಲಸ ಶುರುಮಾಡುವುದೇ ಇಲ್ಲ, ಡೀಸೆಲ್ ಹಾಕಿಸಿಕೊಂಡೇ ಹೊರಡಿ. ನಿಂತಾಗ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಕೆಲಸ ನಡೆಯುತ್ತಿದೆ ಎಂದು ತಿಳಿದು ಎಂಜಿನ್ ಆರಿಸಬೇಡಿ. ಒಣಹುಲ್ಲಿನ ಮೇಲಂತೂ ನಿಲ್ಲಿಸಲೇಬೇಡಿ.

ಒಂದು ಮಾತು ನಿಮಗೆ ಕಹಿಯೆನಿಸಬಹುದು. ಈ ದಿನಚರಿಗೆ ಡೀಸೆಲ್ ಗಾಡಿ ಮಾರಿದವರು ನಿಮ್ಮ ಓಟ ಎಷ್ಟು ಎಂದು ಕೇಳಬೇಕಿತ್ತು. ಮುಂದಿನ ಗಾಡಿ ಪೆಟ್ರೋಲಿನದಾಗಿರಲಿ.

ಕಾಕಾ, ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚದಂತೆ ತಡೆಯುವುದು), ಸ್ಟಿಯರಿಂಗ್, ಹಿಲ್ ಹೋಲ್ಡ್ (ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಹಿಡಿಯುವುದು) ಎಲ್ಲದರ ದೀಪಗಳೂ ಗಣಪತಿ ಮಂಟಪದಂತೆ ಒಟ್ಟಿಗೆ ಹತ್ತುತ್ತವೆ. ಸ್ವಲ್ಪ ಓಡಿಸಿ, ಆರಿಸಿ, ಮತ್ತೆ ಚಾಲೂ ಮಾಡಿದರೆ ಮಾಯ. ಒಂದು ಚಕ್ರದ ಸೆನ್ಸರ್ ಬದಲಿಸಿದರು, ಗುಣ ಕಾಣಲಿಲ್ಲ. ಈಗ ಎಬಿಎಸ್ ಘಟಕವನ್ನೇ ಬದಲಿಸೋಣ ಎನ್ನುತ್ತಾರೆ. ಗಾಡಿ ಹೆಚ್ಚಾಗಿ ವಾರಾಂತ್ಯದಲ್ಲೇ ಹೊರಬರುತ್ತದೆ.
– ಓದುಗ, ಡೊಂಬಿವಲಿ

ಬೇಡ ತಮ್ಮಾ, ಕೈ ತಡೆ. ಮೂರು ವ್ಯವಸ್ಥೆಗಳು ಒಂದೇ ಮುಂಜಾನೆ ಕೆಟ್ಟು, ಮಧ್ಯಾಹ್ನಕ್ಕೆ ತಾವಾಗಿಯೇ ಸರಿಯಾಗುವುದಿಲ್ಲ. ಸೆಲ್ಫ್ ತಿರುಗುವಾಗ ವೋಲ್ಟೇಜ್ ಕುಸಿಯುತ್ತಿದೆ, ಪ್ರತಿಯೊಂದು ಘಟಕವೂ ತನ್ನ ದೂರು ಬರೆದಿಡುತ್ತಿದೆ. ಸ್ಕ್ಯಾನರಿನ ಕೋಡುಗಳಲ್ಲಿ ‘ಯು’ (U) ಅಕ್ಷರದಿಂದ ಶುರುವಾಗುವವೇ ಹೆಚ್ಚಿದ್ದರೆ ಘಟಕಗಳ ನಡುವಿನ ಮಾತುಕತೆ ಕಡಿದುಹೋಗಿತ್ತು ಎಂದರ್ಥ. ಅದನ್ನು ಓದದೆ, ಪಟ್ಟಿಯ ಮೊದಲ ಸಾಲು ನೋಡಿ ಸೆನ್ಸರ್ ಮಾರುವವರನ್ನು ನಾನು ಮೆಕ್ಯಾನಿಕ್ ಎಂದು ಕರೆಯುವುದಿಲ್ಲ, ಅಂಗಡಿಯವ ಎನ್ನುತ್ತೇನೆ.

ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು, 12.2ಕ್ಕೆ ಇಳಿದಿದ್ದರೆ ಸುಮಾರು ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 10ರ ಕೆಳಗೆ ಬೀಳುತ್ತಿದ್ದರೆ ಬ್ಯಾಟರಿಯನ್ನು ಪರೀಕ್ಷೆಗೆ ಕೊಡು. ಆಮೇಲೆ ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಮತ್ತೆ ಸೆಲ್ಫ್ ಹೊಡೆಸು. ಅರ್ಧ ವೋಲ್ಟ್ ದಾಟಿತೋ, ಅರ್ಥ್ ವಯರು ಕೆಟ್ಟಿದೆ. ನಿಮ್ಮ ಕಡೆಯ ಉಪ್ಪುಗಾಳಿ, ಮೇಲೆ ನಾಲ್ಕು ತಿಂಗಳ ಮಳೆ. ಬೋಲ್ಟಿನ ಕೆಳಗೆ ಹಸಿರು ಕಿಲುಬು ಹಿಡಿದಿರುತ್ತದೆ. ಬಿಚ್ಚಿ, ಉಜ್ಜಿ, ಬಿಗಿದರೆ ಮುಗಿಯಿತು.

ವಾರಕ್ಕೊಮ್ಮೆ ಓಡುವ ಗಾಡಿ ಎಂದಿದ್ದೀಯ. ಹೊರಗಿನವರಿಂದ ಡ್ಯಾಶ್‌ಕ್ಯಾಮ್ ಹಾಕಿಸಿದ್ದೀಯಾ? ಅದು ನಿಂತ ಗಾಡಿಯಲ್ಲೂ ಬ್ಯಾಟರಿ ಹೀರುತ್ತಿರಬಹುದು. ಗಾಡಿ ಮಲಗಿದ ಮೇಲೆ, ಅಂದರೆ ಬೀಗ ಹಾಕಿ ಮುಕ್ಕಾಲು ಗಂಟೆ ಕಳೆದ ಮೇಲೆ, ಬ್ಯಾಟರಿಯಿಂದ 50 ಮಿಲಿಆಂಪಿಯರ್‌ಗಿಂತ ಹೆಚ್ಚು ವಿದ್ಯುತ್ ಎಳೆಯಬಾರದು. 300 ಎಳೆಯುತ್ತಿದ್ದರೆ ದಿನಕ್ಕೆ 7.2 ಆಂಪಿಯರ್-ಗಂಟೆ ಸೋರುತ್ತದೆ, ಭಾನುವಾರ ನಿಲ್ಲಿಸಿದ ಗಾಡಿಯ 60 ಆಂಪಿಯರ್-ಗಂಟೆಯ ಬ್ಯಾಟರಿ ಶುಕ್ರವಾರಕ್ಕೆ ಅರ್ಧ ದಾಟಿ ಬರಿದಾಗಿರುತ್ತದೆ. ಸಿಗ್ನಲ್ಲಿನಲ್ಲಿ ತಾನೇ ಆರುವ ಸ್ಟಾರ್ಟ್-ಸ್ಟಾಪ್ ಗಾಡಿಯಾದರೆ ಅಗ್ಗವೆಂದು ಸಾದಾ ಬ್ಯಾಟರಿ ಕೂರಿಸಬೇಡ, ಬೇಗ ಸಾಯುತ್ತದೆ. ಎಂಜಿನ್ ಓಡುವಾಗ ಚಾರ್ಜಿಂಗ್ ಅಂಕಿ ಏರಿಳಿಯುವುದು ಈಚಿನ ಹಲವು ಗಾಡಿಗಳ ಸ್ವಭಾವ. ಅದನ್ನೇ ನೆಪಮಾಡಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಲು ಬಿಡಬೇಡ.

ಮಳೆಗಾಲದಲ್ಲಿ ಎಡಗಡೆ ಕಾರ್ಪೆಟ್ ಒದ್ದೆಯಾಗುತ್ತದೆ. ಸನ್‌ರೂಫಿನ ರಬ್ಬರ್ ಬದಲಿಸಬೇಕಂತೆ.
– ಓದುಗರು, ವಾಸ್ಕೊ, ಗೋವಾ

ರಬ್ಬರ್ ಇರುವುದು ನೀರನ್ನು ಪೂರ್ತಿ ತಡೆಯುವುದಕ್ಕಲ್ಲ. ದಾಟಿ ಬಂದ ನೀರು ಚೌಕಟ್ಟಿನ ಕಾಲುವೆಗೆ ಬಿದ್ದು, ಮೂಲೆಗಳ ಕೊಳವೆಗಳಿಂದ ಹೊರಹೋಗಬೇಕು. ಮರದ ಕೆಳಗೆ ನಿಲ್ಲಿಸಿದ ಗಾಡಿಯಲ್ಲಿ ಕಸ ಕೂತು ಅವು ಕಟ್ಟಿಕೊಳ್ಳುತ್ತವೆ. ಸನ್‌ರೂಫ್ ತೆರೆದು ಮುಂದಿನ ಮೂಲೆಗೆ ಒಂದು ಲೋಟ ನೀರು ನಿಧಾನವಾಗಿ ಸುರಿಯಿರಿ. ಗಾಡಿಯ ಕೆಳಗೆ ಬೀಳಬೇಕು. ಬೀಳದಿದ್ದರೆ ತೆಳು ನೈಲಾನ್ ತಂತಿಯಿಂದ ಮೆಲ್ಲಗೆ ಬಿಡಿಸಿರಿ. ಜೋರಾಗಿ ಗಾಳಿ ಹೊಡೆದರೆ ಕೊಳವೆ ಒಳಗೇ ಕಳಚಿ ಹೊಸ ತಲೆನೋವು.

ಎಸಿ ಹಾಕಿದ ದಿನ ಮಾತ್ರ ಒದ್ದೆಯಾದರೆ ಎಸಿಯ ನೀರಿನ ಕೊಳವೆ ನೋಡಿ. ನೀರು ಅಂಟಂಟಾಗಿ, ಸಿಹಿವಾಸನೆಯಿದ್ದು, ಗಾಜಿನ ಒಳಗೆ ಮಂಜು ಕಟ್ಟುತ್ತಿದ್ದರೆ ಅದು ಎಂಜಿನ್ ತಂಪಾಗಿಡುವ ಕೂಲೆಂಟ್, ಹೀಟರಿನಿಂದ ಸೋರುತ್ತಿದೆ. ಯಾವುದೇ ಇರಲಿ, ಕಾರ್ಪೆಟ್ ಎತ್ತಿ ಒಣಗಿಸಿ. ಅದರಡಿಯ ಸ್ಪಂಜು ವಾರಗಟ್ಟಲೆ ನೀರು ಹಿಡಿದಿಡುತ್ತದೆ, ವಯರಿನ ಜೋಡಣೆಗಳು ಅಲ್ಲೇ ಇರುತ್ತವೆ.

ಹಂಪ್ ದಾಟುವಾಗ ಮುಂದೆ ‘ಟಕ್’ ಎನ್ನುತ್ತದೆ. ಎಲ್ಲ ಎಸ್‌ಯುವಿಗಳೂ ಹೀಗೇ ಎಂದು ಕಳುಹಿಸಿದರು.
– ಓದುಗರು, ಘಾಟ್‌ಕೋಪರ್, ಮುಂಬೈ

ಹಾಗಾದರೆ ಅವರ ಟೆಸ್ಟ್ ಡ್ರೈವ್ ಗಾಡಿಯನ್ನು ಅದೇ ಹಂಪಿನ ಮೇಲೆ ಓಡಿಸಿ ತೋರಿಸಲಿ. ಹೆಚ್ಚಿನ ಪಾಲು ಇದು ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಸ್ಟೆಬಿಲೈಸರಿನ ಲಿಂಕ್ ರಾಡ್, ಇಲ್ಲವೇ ಚಕ್ರವನ್ನು ಹಿಡಿದಿಡುವ ಲೋಯರ್ ಆರ್ಮಿನ ರಬ್ಬರ್ ಬುಶ್. ಲಿಂಕ್ ರಾಡನ್ನು ಎರಡೂ ಬದಿಗೆ ಒಟ್ಟಿಗೆ ಹಾಕಿಸಿ. ಬುಶ್ ಹಾಕಿದರೆ ಅದರ ಬೋಲ್ಟನ್ನು ಗಾಡಿಯ ಭಾರ ಚಕ್ರದ ಮೇಲೆ ಇಳಿದ ಮೇಲೆಯೇ ಬಿಗಿಯಬೇಕು. ಜ್ಯಾಕಿನ ಮೇಲೆ ತೂಗಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ, ಅದೇ ಹಂಪ್ ದಾಟಿ ನೋಡಿ, ಆಮೇಲೆ ದುಡ್ಡು ಕೊಡಿ.